ಕೆರೆ ದಡದ ಎರಡು ಕುರ್ಚಿ

ಪ್ರೀತಿಯ ಪುಟ್ಟನಿಗೆ,

ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಚಳಿ ಜೋರಾಗಿದೆ, ನನ್ನ ಮಂಡಿ ಸ್ವಲ್ಪ ತಕರಾರು ಮಾಡುತ್ತಿದೆ, ಅಷ್ಟೇ.

ಮೊನ್ನೆ ಫೋನಿನಲ್ಲಿ ಎರಡು ಮಾತು ಹೇಳಿದೆ ನೀನು. "ಶನಿವಾರ ಭಾನುವಾರ ಇಬ್ಬರೇ ಕೂತು ಏನು ಮಾಡ್ತೀರಿ, ಬೇಜಾರಾಗಲ್ವಾ?" ಅಂದೆ. ಆಮೇಲೆ, "ರಿಟೈರ್ ಆದ್ಮೇಲೆ ನಾವೂ ಕೆರೆ ಪಕ್ಕ ಮನೆ ಮಾಡ್ಕೊಂಡು ಹಾಯಾಗಿರ್ತೀವಿ" ಅಂದೆ. ಮೊದಲನೆಯದಕ್ಕೆ ನಿನ್ನ ದೊಡ್ಡಮ್ಮ ನಕ್ಕು ಸುಮ್ಮನಾದಳು. ಎರಡನೆಯದು ರಾತ್ರಿ ತನಕ ನನ್ನ ತಲೆ ಕೊರೆಯಿತು. ಅದಕ್ಕೇ ಈ ಪತ್ರ.

ಹೋದ ಶನಿವಾರ ಬೆಳಿಗ್ಗೆ ಕಿಟಕಿ ತೆಗೆದರೆ ಕೆರೆಯೇ ಇರಲಿಲ್ಲ. ಬರೀ ಬಿಳಿ. ರಾತ್ರಿ ಗಾಳಿ ಬೇಗ ತಣ್ಣಗಾಗುತ್ತೆ, ನೀರು ನಿಧಾನ. ಇನ್ನೂ ಬೆಚ್ಚಗಿರುವ ನೀರಿನಿಂದ ಎದ್ದ ಆವಿ ತಣ್ಣನೆ ಗಾಳಿಗೆ ಸಿಕ್ಕಿ ಮಂಜಾಗುತ್ತೆ. ನಾವು ಕುರ್ಚಿ ಎಳೆದುಕೊಂಡು ಕೂತೆವು. ಬಿಸಿಲು ಏರುತ್ತಾ ಏರುತ್ತಾ ಮೊದಲು ಆಚೆ ದಡದ ಮರಗಳ ತಲೆ ಕಂಡಿತು, ಆಮೇಲೆ ಕಾಂಡ, ಕೊನೆಗೆ ನೀರು. ನೀರಿನ ಮೇಲೆ ನಾಮದ ಕೋಳಿಗಳು. ಕಪ್ಪು ಮೈ, ಹಣೆ ಮೇಲೆ ಬಿಳಿ ಪಟ್ಟಿ. ಪಾಪ, ಅವಕ್ಕೆ ಕೂತಲ್ಲಿಂದ ಸಲೀಸಾಗಿ ಹಾರೋಕೆ ಬರಲ್ಲ. ರೆಕ್ಕೆ ಬಡಿಯುತ್ತಾ ನೀರಿನ ಮೇಲೇ ಪಟಪಟ ಓಡಬೇಕು, ಹೊರಟ ಬಸ್ಸಿನ ಹಿಂದೆ ಓಡುವವರ ಹಾಗೆ. "ನೀವು ಆಫೀಸಿಗೆ ಹೊರಡ್ತಿದ್ದದ್ದೂ ಹೀಗೇ" ಅಂದಳು ದೊಡ್ಡಮ್ಮ. ಒಂದು ಗಂಟೆಯಲ್ಲಿ ನಾವಾಡಿದ ಮಾತು ಅದೊಂದೇ.

ಇದನ್ನೆಲ್ಲ ಕೆರೆ ಕೊಟ್ಟಿತು ಅಂದುಕೊಳ್ಳಬೇಡ. ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲೂ ಇದೇ ಕೆರೆ ಇತ್ತು, ಇದೇ ಮಂಜು ಇತ್ತು. ನಾವಿಬ್ಬರು ಮಾತ್ರ ಮುಖ ಊದಿಸಿಕೊಂಡಿರುತ್ತಿದ್ದೆವು. ಕೆಲಸವಿಲ್ಲದ ನನ್ನ ಕೈ ಸುಮ್ಮನಿರಲಿಲ್ಲ. ಒಂದು ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ, ಎತ್ತರದ ಪ್ರಕಾರ ಜೋಡಿಸಿಟ್ಟೆ. ಭೇಷ್ ಅನ್ನುತ್ತಾಳೆ ಅಂದುಕೊಂಡಿದ್ದೆ! ಅವಳು ಬಂದು ನೋಡಿ, "ಇಷ್ಟು ವರ್ಷ ಕಣ್ಣು ಮುಚ್ಚಿ ತೆಗೀತಿದ್ದೆ, ಈಗ ಓದಿ ತೆಗೀಬೇಕು" ಅಂದಳು. ಮೂರು ದಿನ ಮಾತಿಲ್ಲ. ತಪ್ಪು ನನ್ನದೇ ಬಿಡು. ಅವತ್ತು ಗೊತ್ತಾಗಿದ್ದು ಏನಂದರೆ, ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾವು ಒಟ್ಟಿಗೆ ಸುಮ್ನೆ ಕೂತವರೇ ಅಲ್ಲ. ಅದು ಕೈಗೆ ಹತ್ತೋಕೆ ಎರಡು ಚಳಿಗಾಲ ಬೇಕಾಯಿತು.

ಅದಕ್ಕೇ ಹೇಳುತ್ತಿದ್ದೇನೆ, ಮನೆ ಆಮೇಲೆ ಕಟ್ಟು, ಹೆಂಡತಿ ಜೊತೆ ಸುಮ್ನೆ ಕೂರೋದನ್ನ ಈಗಲೇ ಶುರು ಮಾಡು. ವಾರಕ್ಕೆ ಎರಡು ಗಂಟೆ ಸಾಕು. ಫೋನು ಬೇರೆ ಕೋಣೆಯಲ್ಲಿರಲಿ. ಮಾತಾಡಲೇಬೇಕು ಅಂತೇನಿಲ್ಲ. ಮೊದಮೊದಲು ಕಸಿವಿಸಿ ಆಗುತ್ತೆ, ಎದ್ದು ಹೋಗಬೇಡ. ಹಾಗಂತ ಇಡೀ ದಿನ ಅಂಟಿಕೊಂಡೇ ಇರಬೇಕು ಅಂತಲೂ ಅಲ್ಲ ಕಣೋ. ಮಧ್ಯಾಹ್ನ ನಾನು ನನ್ನ ಹಳೇ ರೇಡಿಯೋ ಬಿಚ್ಚಿಕೊಂಡು ಕೂರುತ್ತೇನೆ, ಅವಳು ಆ ಕಡೆ ತಲೆ ಹಾಕಲ್ಲ.

ಅವಳಿಗೆ ಡೈರಿ ಹುಚ್ಚು. ದಿನಾ ಸೂರ್ಯ ಮುಳುಗುವ ಹೊತ್ತು ಬರೆದಿಡುತ್ತಾಳೆ. ಡಿಸೆಂಬರ್ 21ರ ಸುಮಾರಿಗೆ ಹಗಲು ತೀರಾ ಚಿಕ್ಕದು, ನಿಜ. ಆದರೆ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವ ದಿನ ಅದಕ್ಕೂ ಮುಂಚೆಯೇ ಬಂದು ಹೋಗಿರುತ್ತೆ. ಎಲ್ಲಕ್ಕಿಂತ ತಡವಾಗಿ ಹುಟ್ಟುವ ದಿನ ಆಮೇಲೆ ಬರುತ್ತೆ. ನಾನು ಹಾಗಿರಲ್ಲ ಅಂತ ಪಂತ ಕಟ್ಟಿ ಸೋತೆ. ನನಗೆ ಹೇಗೆ ಗೊತ್ತಿರಬೇಕು? ಸೂರ್ಯ ಮುಳುಗುವ ಹೊತ್ತಿಗೆ ನಾನು ಯಾವತ್ತು ಮನೆಯಲ್ಲಿದ್ದೆ!

ಭಾನುವಾರ ಸಂಜೆ ಅವಳು, "ಈ ಚಳಿಗೆ ಮೀನು ಏನು ಮಾಡುತ್ತೆ?" ಅಂತ ಕೇಳಿದಳು. ಇದು ನನಗೆ ಗೊತ್ತಿತ್ತು. ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಹಾಗಾಗಿ ಮೇಲೆಲ್ಲ ಹೆಪ್ಪುಗಟ್ಟುವ ಕೆರೆಗಳಲ್ಲೂ ತಳದ ನೀರು ಅಷ್ಟು ಬೆಚ್ಚಗೆ ಉಳಿಯುತ್ತೆ, ಐಸು ತೇಲುತ್ತೆ. ಮೀನುಗಳು ಕೆಳಗೆ ಹೋಗಿ, ಜಾಸ್ತಿ ತಿನ್ನದೆ, ಜಾಸ್ತಿ ಓಡಾಡದೆ ಇದ್ದುಬಿಡುತ್ತವೆ ಅಂದೆ. "ಹೆಚ್ಚೂಕಡಿಮೆ ನಮ್ಮ ಥರ" ಅಂದಳು.

ನಿನ್ನ ಅಪ್ಪ ಅಮ್ಮನಿಗೂ ಒಂದು ಮಾತು ಹೇಳು. ಚಳಿಗೆ ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ. ಕತ್ತಲಲ್ಲೇ ಎದ್ದು ವಾಕಿಂಗ್ ಹೋಗೋ ಶೂರತನ ಬೇಡ, ಬಿಸಿಲು ಬರಲಿ. ಬಾಯಾರಿಕೆ ಆಗಲ್ಲ ಅಂತ ನೀರು ಬಿಡೋದೂ ಬೇಡ.

ಮುಂದಿನ ಶನಿವಾರ ನೀನೂ ನಿನ್ನ ಹೆಂಡತಿಯೂ ಬನ್ನಿ. ದಪ್ಪ ಕಾಲುಚೀಲ ಮರೆಯಬೇಡಿ. ಇನ್ನೆರಡು ಕುರ್ಚಿ ಅಟ್ಟದ ಮೇಲಿವೆ, ಅವನ್ನು ನೀನೇ ಇಳಿಸಬೇಕು, ನನ್ನ ಮಂಡಿ ಒಪ್ಪಲ್ಲ.

ಇಂತಿ,
ನಿನ್ನ ದೊಡ್ಡಪ್ಪ