ಅಂಗಡಿಯಲ್ಲಿ ಆ ಮಷಿನ್ ಇಡಬೇಡ

ಗದಗ

ತಮ್ಮಾ,

ನಿನಗೆ ಕಾಕಾನ ಆಶೀರ್ವಾದ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿನ್ನ ಕಾಕೂನ ಮೊಣಕಾಲು ನೋವು ಸ್ವಲ್ಪ ಕಡಿಮೆ ಆಗಿದೆ.

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಬೇಡ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಿನಗೆ ಸಮಾಧಾನ ಆಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಗೋಕುಲ ರೋಡಿನ ನಿನ್ನ ಅಂಗಡಿಯ ಮೂಲೆಯಲ್ಲಿ ಎರಡು ಗೇಮ್ ಮಷಿನ್, ಅಂದ್ರೆ ರೊಕ್ಕ ಹಾಕಿ ಗುಂಡಿ ಒತ್ತಿ ಚಿತ್ರ ತಿರುಗಿಸುವ ಜೂಜಿನ ಮಷಿನ್, ಇಡುತ್ತೇನೆ ಅಂತ ಏಜೆಂಟ್ ಬಂದಿದ್ದಾನೆ. ಮಷಿನ್ ಅವನದು, ಜಾಗ ಮತ್ತು ಕರೆಂಟ್ ನಿನ್ನದು, ಬಂದದ್ದರಲ್ಲಿ ನಿನಗೂ ಪಾಲು. "ಓಣಿಯವರನ್ನೂ ಕೇಳಿದೆ ಕಾಕಾ, ಯಾರೂ ಏನೂ ಅನ್ನಲಿಲ್ಲ" ಅಂದೆ. ನನ್ನ ತಕರಾರು ಇರುವುದೇ ಆ ಮಾತಿನ ಮೇಲೆ.

ನನ್ನ ನೌಕರಿಯೆಲ್ಲ ಸೊಸೈಟಿಯಲ್ಲಿ, ಬಂಗಾರದ ಸಾಲದ ಟೇಬಲ್ಲಿನಲ್ಲಿ ಕಳೆಯಿತು. ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತ ಉಳಿಯಲಿ ಅನ್ನುವುದು ಅವರ ಆಸೆ. ಆ ಸಾಲ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಶಿವರಾತ್ರಿಯ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಸೆರಗಿನ ಗಂಟು ಬಿಚ್ಚಿ ಬೋರಮಾಳ ಟೇಬಲ್ ಮೇಲೆ ಇಡುತ್ತಾಳೆ. ಸಾಲ ಯಾತಕ್ಕೆ ಅಂತ ಫಾರಂನಲ್ಲಿ ಬರೆಯಬೇಕು. "ಬೀಜ ಗೊಬ್ಬರಕ್ಕ ಅಂತ ಬರೀರಿ" ಅನ್ನುತ್ತಾಳೆ. ಶಿವರಾತ್ರಿಗೆ ನಮ್ಮ ಎರಿ ಹೊಲದಲ್ಲಿ ಯಾವ ಬಿತ್ತನೆ? ಕಡಲೆ ಕಿತ್ತು, ಜೋಳ ಕೊಯ್ದು ಹೊಲ ಖಾಲಿ ಬಿದ್ದಿರುತ್ತದೆ. ಅವಳ ಗಂಡ ಓಸಿ, ಅಂದ್ರೆ ನಂಬರಿನ ಜೂಜು, ಆಡುತ್ತಾನೆ ಅಂತ ಬಸ್ ಸ್ಟ್ಯಾಂಡಿನ ಚಹಾದಂಗಡಿಯವನಿಗೂ ಗೊತ್ತು. ಬಂಗಾರ ಒರೆಗೆ ಹಚ್ಚುವ ಪತ್ತಾರನಿಗೂ ಗೊತ್ತು. ಯಾರೂ ಏನೂ ಅನ್ನುವುದಿಲ್ಲ.

ಅವಳು ಒಪ್ಪಿದ್ದಾಳೆ ಅಂತಾನಾ ಇದರ ಅರ್ಥ? ಜೂಜಿನ ಬಗ್ಗೆ ನಮ್ಮಲ್ಲಿ ಗೆದ್ದವನು ಊರಿಗೆಲ್ಲ ಹೇಳಿಕೊಂಡು ಅಡ್ಡಾಡುತ್ತಾನೆ. ಸೋತವನ ಮನೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಮಗಳ ಲಗ್ನ ಆಗಬೇಕು, ಬೀಗರ ಕಿವಿಗೆ ಬೀಳಬಾರದು, ಊರಲ್ಲಿ ಮರ್ಯಾದೆ ಉಳಿಯಬೇಕು. ಇನ್ನು ನೀನು ಕೇಳಿದ್ದು ಯಾರನ್ನ? ಕಟ್ಟೆ ಮೇಲೆ ಕೂತ ಗಂಡಸರನ್ನ. ಅದರಲ್ಲೂ ಅರ್ಧ ಜನರ ಉದ್ರಿ ನಿನ್ನ ಪುಸ್ತಕದಲ್ಲಿದೆ. ತಿಂಗಳ ಕೊನೆಗೆ ಎಣ್ಣೆ ಬೇಳೆ ಉದ್ರಿ ಕೊಡುವ ಅಂಗಡಿಯವನಿಗೆ ಯಾರು ಬೇಡ ಅನ್ನುತ್ತಾರೆ ಹೇಳು. ಅವರ ಮನೆಯ ಹೆಣ್ಣುಮಕ್ಕಳನ್ನ ಕೇಳಿದೆಯಾ?

ನಮ್ಮ ಜನ ಜೂಜು ಅಂದ್ರೆ ಮಾರು ದೂರ ಓಡುವವರಲ್ಲ, ಅದು ನನಗೂ ಗೊತ್ತು. ಪಂಚಮಿಗೆ ನಿಂಬೆಹಣ್ಣು ಎಸೆದು ಪಂದ್ಯ ಕಟ್ಟುತ್ತಾರೆ. ದೀಪಾವಳಿಗೆ ಇಸ್ಪೀಟು ಹಾಕುತ್ತಾರೆ. ಧರ್ಮರಾಯನೇ ಆಡಿದ್ದಾನೆ, ನಮ್ಮದೇನು ಅಂತ ಮಾತಾಡುತ್ತಾರೆ. ಹಿರಿಯರು ಅದನ್ನ ಸಹಿಸಿಕೊಂಡದ್ದು ಯಾಕೆ ಅಂದ್ರೆ ಅದಕ್ಕೊಂದು ಕೊನೆ ಇತ್ತು. ಹಬ್ಬ ಮುಗಿದರೆ ಆಟವೂ ಮುಗಿಯಿತು. ಎಸೆಯುವವನ ರಟ್ಟೆ ಸೋಲುತ್ತದೆ. ಇಸ್ಪೀಟಿನಲ್ಲಿ ಎದುರಿಗೆ ಕೂತವನಿಗೆ ನಿನ್ನ ಮನೆಯ ಪರಿಸ್ಥಿತಿ ಗೊತ್ತಿರುತ್ತದೆ. "ಸಾಕು ಏಳೋ, ಮನೀಗೆ ಹೋಗು" ಅಂತ ಒಬ್ಬನಾದರೂ ಗದರುತ್ತಾನೆ. ಇಸ್ಪೀಟಿನಿಂದಲೂ ಮನೆ ಹಾಳಾಗಿವೆ, ಇಲ್ಲ ಅನ್ನಲ್ಲ. ಆದರೆ ಮಷಿನ್ನಿಗೆ ಹಬ್ಬವೂ ಇಲ್ಲ, ದಣಿವೂ ಇಲ್ಲ, ಏಳು ಅನ್ನುವ ಬಾಯಿಯೂ ಇಲ್ಲ.

ಅದರ ಲೆಕ್ಕ ಒಮ್ಮೆ ಹಾಕಿ ನೋಡು. ನೂರಕ್ಕೆ ತೊಂಬತ್ತು ವಾಪಸ್ ಕೊಡುವ ಹಾಗೆ ಹೊಂದಿಸಿದ್ದಾರೆ ಅಂತ ಇಟ್ಟುಕೋ. ಕೇಳಿದರೆ ಧಾರಾಳ ಅನ್ನಿಸುತ್ತದೆ. ಒಂದು ಸಲ ಒತ್ತಿದರೆ 10 ರೂಪಾಯಿ. ಐದು ಸೆಕೆಂಡಿಗೊಮ್ಮೆ ಒತ್ತಿದರೆ ನಿಮಿಷಕ್ಕೆ 120, ತಾಸಿಗೆ 7,200 ರೂಪಾಯಿ ಆಟಕ್ಕೆ ಬೀಳುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲು, ಅಂದ್ರೆ ಸರಾಸರಿ 720 ರೂಪಾಯಿ, ಮಷಿನ್ನಿಗೆ. ಜೇಬಿನಲ್ಲಿ ಎರಡು ಸಾವಿರ ಇಟ್ಟುಕೊಂಡು ಬಂದವನು ಮೂರು ತಾಸಿನೊಳಗೆ ಖಾಲಿ. ನಡುವೆ ನಾಲ್ಕು ಸಲ ಗೆದ್ದಿರುತ್ತಾನೆ, ದೀಪ ಮಿನುಗಿರುತ್ತದೆ, ಗಂಟೆ ಬಾರಿಸಿರುತ್ತದೆ. ಗೆದ್ದದ್ದನ್ನೂ ಅದರಲ್ಲೇ ಹಾಕಿರುತ್ತಾನೆ. ಇನ್ನು ಆ ತಿರುಗುವ ಚಿತ್ರಗಳು ಸುಮ್ನೆ ತೋರಿಕೆಗೆ. ಗುಂಡಿ ಒತ್ತಿದ ಕ್ಷಣಕ್ಕೇ ಒಳಗಿನ ಚಿಪ್ ಸೋಲು ಗೆಲುವು ತೀರ್ಮಾನಿಸಿರುತ್ತದೆ. ಎರಡು ಚಿತ್ರ ಕೂಡಿ, ಮೂರನೆಯದು ಒಂದೇ ಒಂದು ಮನೆ ಮೇಲಕ್ಕೆ ನಿಲ್ಲುತ್ತದೆ. "ಸ್ವಲ್ಪದರಲ್ಲೇ ತಪ್ಪಿತು" ಅಂತ ಆಡುವವನು ಮತ್ತೆ ಒತ್ತುತ್ತಾನೆ. ತಪ್ಪಲು ಅಲ್ಲಿ ಏನೂ ಇರಲಿಲ್ಲ. ಪಗಾರ ಆದ ಮರುದಿನ ಜನ ಜಾಸ್ತಿ ಬರುತ್ತಾರೆ ಅಂತ ಏಜೆಂಟ್ ನಿನಗೆ ಹೇಳಿದನಲ್ಲ, ಅದು ಅವನು ಹೇಳಿದ ಒಂದೇ ಖರೆ ಮಾತು. ಇಂಡಸ್ಟ್ರಿಯಲ್ ಎಸ್ಟೇಟಿನ ಹುಡುಗರ ಪಗಾರದ ಮೇಲೆ ಅವನ ಕಣ್ಣು.

ಇದು ಸ್ಕಿಲ್ ಗೇಮ್, ಕಾನೂನಿನ ತೊಂದರೆ ಇಲ್ಲ ಅಂತಲೂ ಅಂದನಂತೆ. ಕೌಶಲ್ಯದ ಆಟಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ವಿನಾಯಿತಿ ಇರುವುದು ಹೌದು. ಆ ಬಾಗಿಲಿನಿಂದಲೇ ಇವರೆಲ್ಲ ಒಳಗೆ ಬರುವುದು. ನಮ್ಮ ರಾಜ್ಯದ ವಿಡಿಯೋ ಗೇಮ್ ಅಂಗಡಿಗಳ ಪ್ರಕರಣ 1995ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವಕ್ಕೆ ಲೈಸೆನ್ಸ್ ಬೇಕು ಅಂತ ಕೋರ್ಟ್ ಹೇಳಿತು. ಮಷಿನ್ನಿನ ಒಳಗೆ ಕೈಯಾಡಿಸಿದರೆ ಆಟ ಜೂಜಾಗುತ್ತದೆ ಅನ್ನುವುದನ್ನೂ ಗಮನಿಸಿತು. ಜೂಜಿನ ಮನೆ ನಡೆಸುವವನಿಗೆ ಅದೇ ಪೊಲೀಸ್ ಕಾಯ್ದೆಯಲ್ಲಿ ಜೈಲು ಇದೆ. ಇಂಟರ್‌ನೆಟ್ ಮೇಲೆ ನಡೆಯುವ ಮಷಿನ್ ಆದರೆ 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾನೂನು ಇನ್ನೂ ಬಿಗಿ. ಹಣದ ಆಟ ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ರೇಡ್ ಆದ ದಿನ ಏಜೆಂಟಿನ ಫೋನ್ ಸ್ವಿಚ್ ಆಫ್ ಇರುತ್ತದೆ. ಅಂಗಡಿಯ ಬೋರ್ಡಿನ ಮೇಲೆ ಇರುವುದು ನಿಮ್ಮ ಅಪ್ಪನ ಹೆಸರು.

ವಿದೇಶದಲ್ಲಿ ಗಲ್ಲಿಗೊಂದು ಇವೆ, ಬಂದ ಲಾಭದಲ್ಲಿ ಗಣಪತಿ ಪೆಂಡಾಲಿಗೂ ಕೊಡುತ್ತೇನೆ ಅಂದೆಯಲ್ಲ, ಅದು ನಿನ್ನೊಬ್ಬನ ಯೋಚನೆ ಅಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1956ರಿಂದ ಕ್ಲಬ್ಬುಗಳಲ್ಲಿ ಈ ಮಷಿನ್ ಇಡಲು ಕಾನೂನಿನ ಒಪ್ಪಿಗೆ ಇದೆ. ಅದೇ ಕ್ಲಬ್ಬುಗಳು ಮಕ್ಕಳ ಆಟದ ತಂಡಗಳಿಗೆ ಹಣ ಕೊಡುತ್ತವೆ. ಮಗನ ತಂಡದ ಅಂಗಿ ಕ್ಲಬ್ಬಿನಿಂದ ಬಂದಿದ್ದರೆ ಅಪ್ಪ ಅದರ ವಿರುದ್ಧ ಹೇಗೆ ಮಾತಾಡಬೇಕು? ಅದೇ ದೇಶದ ಪಶ್ಚಿಮ ಆಸ್ಟ್ರೇಲಿಯಾದವರು ಮಾತ್ರ ಪರ್ತ್‌ನ ಒಂದೇ ಕ್ಯಾಸಿನೊ ಬಿಟ್ಟು ಬೇರೆಲ್ಲೂ ಬಿಡಲಿಲ್ಲ. ನಾರ್ವೆಯಲ್ಲಿ ಇವುಗಳ ಆದಾಯದ ಪಾಲು ರೆಡ್ ಕ್ರಾಸ್‌ನಂಥ ಸಂಸ್ಥೆಗೂ ಹೋಗುತ್ತಿತ್ತು. ಅಷ್ಟಾದರೂ 2007ರ ಜುಲೈ 1ರಿಂದ ಎಲ್ಲವನ್ನೂ ನಿಲ್ಲಿಸಿದರು. ಮುಂದೆ ಸರಕಾರದ ಕಂಪನಿಯೇ ಬೇರೆ ಮಷಿನ್ ತಂದಿತು, ಅದೂ ಇಷ್ಟಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಅಂತ ಮಿತಿ ಹಾಕಿ. ಬ್ರಿಟನ್ನಿನ ಬೆಟ್ಟಿಂಗ್ ಅಂಗಡಿಗಳ ಮಷಿನ್ನಿನಲ್ಲಿ ಒಂದು ಸಲಕ್ಕೆ 100 ಪೌಂಡ್ ಹಾಕಬಹುದಿತ್ತು. ಜನರ ಕೂಗು ಜೋರಾಗಿ 2019ರ ಏಪ್ರಿಲ್‌ನಲ್ಲಿ ಅದನ್ನ 2 ಪೌಂಡಿಗೆ ಇಳಿಸಿದರು. ಎಲ್ಲ ಕಡೆ ಜನ ಮೊದಲು ಸುಮ್ಮನೇ ಇದ್ದರು. ಪೆಂಡಾಲಿಗೆ ನೀನು ದೇಣಿಗೆ ಕೊಟ್ಟರೆ ಓಣಿಯ ಬಾಯಿ ಇನ್ನೂ ಗಟ್ಟಿಯಾಗಿ ಮುಚ್ಚುತ್ತದೆ, ಅಷ್ಟೇ.

ದೂರದ ಮಾತು ಬಿಡು. ಹುಬ್ಬಳ್ಳಿಯಿಂದ ಶನಿವಾರ ಗಾಡಿ ಮಾಡಿಕೊಂಡು ಪಣಜಿಗೆ ಹೋಗುವವರನ್ನ ನೀನೂ ಕಂಡಿದ್ದೀಯ. ಗೋವಾ 1992ರಲ್ಲಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷಿನ್‌ಗೆ ಬಾಗಿಲು ತೆರೆಯಿತು. ಅದೇ ಗೋವಾ ಸರಕಾರ 2020ರಲ್ಲಿ ಗೋವಾದವರು ಕ್ಯಾಸಿನೊ ಒಳಗೆ ಹೋಗುವ ಹಾಗಿಲ್ಲ ಅಂದಿತು. ತಮ್ಮ ಮಕ್ಕಳಿಗೆ ಬೇಡವಾದದ್ದನ್ನ ನಮ್ಮ ಮಕ್ಕಳಿಗೆ ಇಟ್ಟಿದ್ದಾರೆ. ನೀನು ನಿನ್ನ ಓಣಿಯ ಹುಡುಗರಿಗೇ ಇಡಲು ಹೊರಟಿದ್ದೀಯ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಾಗ ಇನ್ನೊಂದಿಷ್ಟು ವರ್ಷ ಇರಲಿ ಅಂದ ಒಬ್ಬ ತಾಯಿಯನ್ನೂ ನಾನು ಕಾಣಲಿಲ್ಲ.

ವ್ಯಾಪಾರ ಇಳಿದಿದೆ ಅನ್ನುವುದು ನನಗೆ ಗೊತ್ತು. ದೊಡ್ಡ ಮಾರ್ಟ್ ಬಂದ ಮೇಲೆ ಕಿರಾಣಿ ಅಂಗಡಿಯವರ ಕಷ್ಟ ಗದಗದಲ್ಲೂ ಅದೇ. ಕಷ್ಟದಲ್ಲಿರುವವನ ಹತ್ತಿರವೇ ಏಜೆಂಟ್ ಬರುವುದು, ಅದನ್ನೂ ತಿಳಿದುಕೋ. ಬೇಡ ಅಂತ ನಾಳೆಯೇ ಹೇಳಿಬಿಡು. ಮುಂಗಡ ತೊಗೊಂಡಿದ್ದರೆ ವಾಪಸ್ ಕೊಡು. ಖರ್ಚಾಗಿದ್ದರೆ ನನಗೆ ತಿಳಿಸು, ನಾನು ಕೊಡುತ್ತೇನೆ, ಮುಚ್ಚಿಡಬೇಡ.

ಆ ಮೂಲೆಯಲ್ಲಿ ಝೆರಾಕ್ಸ್ ಮಷಿನ್ ಇಟ್ಟು ನೋಡು. ಎಸ್ಟೇಟಿನವರಿಗೆ, ಬಾಡಿಗೆ ಮನೆಯ ಹುಡುಗರಿಗೆ ದಿನಾ ಆಧಾರ್ ನಕಲು, ಅರ್ಜಿ, ಫೋಟೊ ಅಂತ ಏನಾದರೂ ಬೇಕಾಗುತ್ತದೆ. ಲಾಭ ಏಜೆಂಟ್ ಹೇಳಿದಷ್ಟು ಬರಲಿಕ್ಕಿಲ್ಲ. ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕು, ಜಾಮೀನಿಗೆ ನಾನು ಸಹಿ ಮಾಡುತ್ತೇನೆ. ಅಂಗಡಿಯ ಲೈಸೆನ್ಸ್, ಪಾನ್ ಕಾರ್ಡ್, ಕರೆಂಟ್ ಬಿಲ್ ತೆಗೆದಿಡು. ಸೋಮವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಮೆಷಿನರಿ ಅಂಗಡಿಗೆ ಇಬ್ಬರೂ ಕೂಡಿಯೇ ಹೋಗೋಣ.

ಇಂತಿ,
ನಿನ್ನ ಕಾಕಾ