ಅವರು ನನ್ನ ಮಾತು ಕೇಳದೇ ಹೋದರೆ?

ಪ್ರೀತಿಯ ಮಗನೇ,

ನಿನ್ನ ಪತ್ರದ ಆ ಒಂದು ಸಾಲು ಓದಿದಾಗಿನಿಂದ ಮನಸ್ಸು ನೆಟ್ಟಗಿಲ್ಲ. "ಕಾಕಾ, ಅಪ್ಪನ ವಯಸ್ಸಿನ ಸುಬೇದಾರರಿಗೆ ನಾನು ಹುಕುಂ ಕೊಡಬೇಕು. ಅವರೇ ತಿರುಗಿಬಿದ್ದರೆ?" ಚೆನ್ನೈನ ಆಫೀಸರ್ ಟ್ರೇನಿಂಗ್‌ನಿಂದ ವೆಲ್ಲೂರು ಕೋಟೆ ನೋಡಲು ಹೋಗಿ ಬಂದ ಮೇಲೆ, ಅಲ್ಲಿ ತನ್ನ ಸಿಪಾಯಿಗಳ ಕೈಯಲ್ಲೇ ಸತ್ತ ಬ್ರಿಟಿಷ್ ಕರ್ನಲ್ ಫ್ಯಾನ್‌ಕೋರ್ಟ್‌ನ ನೆನಪಾಗಿ ನಿದ್ದೆ ಬರುತ್ತಿಲ್ಲ ಅಂತಲೂ ಬರೆದಿದ್ದೀಯ.

ನಾನೂ ಪಲ್ಟನ್‌ನಲ್ಲಿದ್ದಾಗ ಆ ಕೋಟೆ ನೋಡಿದ್ದೇನೆ. ನಾವು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಸುರಪುರದ ವೆಂಕಟಪ್ಪ ನಾಯಕರ ಕಥೆ ಕೇಳಿ ಬೆಳೆದವರು. ಅದಕ್ಕೂ ಐವತ್ತು ವರ್ಷ ಮೊದಲೇ ವೆಲ್ಲೂರಿನ ಸಿಪಾಯಿಗಳು ಎದ್ದಿದ್ದರು ಅಂತ ಅಲ್ಲಿ ಹೋದಾಗಲೇ ನನಗೆ ಗೊತ್ತಾಗಿದ್ದು.

1806ರ ಜುಲೈ 10, ಇನ್ನೂ ಬೆಳಕು ಹರಿದಿರಲಿಲ್ಲ. ಗುಂಡಿನ ಸದ್ದು ಕೇಳಿ ಫ್ಯಾನ್‌ಕೋರ್ಟ್ ಎದ್ದ. ಹೆಂಡತಿ ಅಮೇಲಿಯಾಗೆ ಒಳಗೇ ಇರು ಅಂತ ಹೇಳಿ ಹೊರಗೆ ಹೋದ. ಕೋಟೆಯ ದಂಡೆಲ್ಲ ಅವನ ಕೈಕೆಳಗೇ ಇತ್ತು. ಆ ಸಿಪಾಯಿಗಳದೇ ಗುಂಡಿಗೆ ಸತ್ತ. ಅಮೇಲಿಯಾ ಮಕ್ಕಳನ್ನು ಬಚ್ಚಿಟ್ಟುಕೊಂಡು ಬದುಕಿ ಉಳಿದಳು, ಆ ರಾತ್ರಿ ಕಂಡದ್ದನ್ನು ಬರೆದಿಟ್ಟಳು.

ಪಾಪ, ಅವನಿಗೂ ಸಂಸಾರ ಇತ್ತು ಅಂತ ನನಗೂ ಸಂಕಟವಾಗುತ್ತದೆ. ಆದರೆ ನೀನು ಆ ರಾತ್ರಿಯನ್ನಷ್ಟೇ ನೋಡಬೇಡ, ಅದರ ಹಿಂದಿನ ತಿಂಗಳುಗಳನ್ನೂ ನೋಡು. ಚರ್ಮ ಹಚ್ಚಿದ ಹೊಸ ಪೇಟ ಹಾಕಿ, ಗಡ್ಡ ಬೋಳಿಸಿ, ಹಣೆಗೆ ನಾಮ, ವಿಭೂತಿ ಬೇಡ, ಕಿವಿಯ ಒಂಟಿ ತೆಗೀರಿ ಅಂತ ಮದ್ರಾಸಿನಿಂದ ಹುಕುಂ ಬಂದಿತ್ತು. ಪೇಟ ಒಲ್ಲೆ ಅಂದವರಲ್ಲಿ ಇಬ್ಬರಿಗೆ 900 ಛಡಿ ಏಟಿನ ಶಿಕ್ಷೆ. ಜೂನ್‌ನಲ್ಲಿ ಮುಸ್ತಫಾ ಬೇಗ್ ಅನ್ನೋ ಸಿಪಾಯಿ ತನ್ನ ಕರ್ನಲ್ ಬಳಿ ಹೋಗಿ, ಒಳಗೊಳಗೇ ಸಂಚು ನಡೀತಿದೆ ಸಾಹೇಬರೇ ಅಂತ ಹೇಳಿದ. ಅವನನ್ನೇ ಹಿಡಿದು ಒಳಗೆ ಹಾಕಿದರು! ಮುಂದಿನ ತಿಂಗಳೇ ನೂರಕ್ಕೂ ಜಾಸ್ತಿ ಬಿಳಿ ಸೈನಿಕರು ಸತ್ತರು. ಆರ್ಕಾಟಿನಿಂದ ಬ್ರಿಟಿಷ್ ಅಧಿಕಾರಿ ಗಿಲೆಸ್ಪಿ ಕುದುರೆ ದಂಡು ತಂದ ಮೇಲೆ ನಮ್ಮವರು ನೂರಾರು ಜನ ಹೋದರು. ಹುಕುಂ ಆಮೇಲೆ ವಾಪಸ್ ತಗೊಂಡರು. ಅದನ್ನೇ ಮೊದಲು ಮಾಡಿದ್ದರೆ ಇಷ್ಟು ಜೀವ ಉಳೀತಿದ್ದವು ಅಲ್ವಾ?

ಫ್ಯಾನ್‌ಕೋರ್ಟ್ ಬೇರೆಯವರ ನೆಲದಲ್ಲಿ ಕಂಪನಿಯ ದಂಡು ಆಳುತ್ತಿದ್ದ. ನಿನ್ನ ಜವಾನರು ನಿನ್ನ ನೆಲದವರೇ. ಹಾಗಂತ ನಿನ್ನ ಹೆದರಿಕೆ ಸುಮ್ನೆ ಅಂತ ನಾನು ಹೇಳೋದಿಲ್ಲ. ನಮ್ಮ ಪಲ್ಟನ್‌ನಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗ ಇದ್ದ. ಅವ್ವನಿಗೆ ಹುಷಾರಿಲ್ಲ ಅಂತ ಛುಟ್ಟಿ ಕೇಳಿದ. ಎಳೆಯ ಸಾಬ್ ಕಾಗದದಿಂದ ತಲೆ ಎತ್ತಲಿಲ್ಲ. ಛುಟ್ಟಿ ಸಿಕ್ಕಿದ್ದು ತಾರ್ ಬಂದ ಮೇಲೆ. ಮಣ್ಣು ಮುಗಿಸಿ ಬಂದವನು ಹೇಳಿದ ಕೆಲಸವನ್ನೆಲ್ಲ ಮಾಡಿದ, ಸೆಲ್ಯೂಟನ್ನೂ ಹೊಡೆದ, ಆದರೆ ಆ ಸಾಬ್‌ನ ಮುಖ ಮಾತ್ರ ಮತ್ತೆ ನೋಡಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ. ನಿನ್ನ ಪತ್ರ ಓದುವಾಗ ನನ್ನ ಕಣ್ಣ ಮುಂದೆ ಬಂದವನು ಅವನೇ.

ಆಫೀಸರ್ ಆದವನಿಗೆ ಹವಾಲ್ದಾರ ಆಗಿದ್ದವನು ಏನು ಹೇಳಲಿ? ಆದರೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಛುಟ್ಟಿ ಕೇಳಲು ಬಂದವನನ್ನು ತಲೆ ಎತ್ತಿ ನೋಡು. ಆಗಾಗ ಜವಾನರ ಊಟದ ಲಂಗರ್‌ನಲ್ಲಿ ಅವರ ಜೊತೆ ಕೂತು ಉಣ್ಣು. ಯಾರಾದರೂ ಕೆಟ್ಟ ಸುದ್ದಿ ತಂದರೆ ಅವನ ಮೇಲೆ ರೇಗಬೇಡ, ಪೂರ್ತಿ ಕೇಳಿಸಿಕೋ. ಇದೆಲ್ಲ ನಿನಗೆ ಅಲ್ಲಿ ಕಲಿಸಿಯೇ ಇರುತ್ತಾರೆ ಬಿಡು.

ಪಲ್ಟನ್ ಸೇರಿದ ಮೇಲೆ ನಿನ್ನ ಸುಬೇದಾರರ ಊರು ಯಾವುದು, ಮಕ್ಕಳೆಷ್ಟು ಅಂತ ಕೇಳಿ ನನಗೆ ಬರಿ. ನಿದ್ದೆ ಬಂತಾ ಅನ್ನೋದನ್ನೂ ಬರಿ.

ನಿನ್ನ ಕಾಕಾ
ಕಲಬುರಗಿ