ಏನು ಎಲ್ಲಿ ಕಾಯುತ್ತಿದೆ, ಅದನ್ನು ಮೊದಲು ನೋಡು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹದಿನಾಲ್ಕು ಜನರ ಘಟಕದ ಹೊಣೆ ನಿನ್ನ ಹೆಗಲಿಗೆ ಬಂದಿದೆ ಎಂದು ತಿಳಿದು ತುಂಬಾ ಸಂತೋಷವಾಯಿತು. ನಾಯಕತ್ವ, ಉತ್ಪಾದನೆ, ಮಾರುಕಟ್ಟೆ, ಹಣಕಾಸು, ಇವುಗಳಲ್ಲಿ ಯಾವುದನ್ನು ಮೊದಲು ಕಲಿಯಲಿ ಎಂದು ಕೇಳಿದ್ದೀಯ. ಅವನ್ನು ಬೇರೆ ಬೇರೆ ಪಾಠ ಅಂದುಕೊಳ್ಳಬೇಡ ಮಗಳೇ. ನಾಲ್ಕೂ ಕಡೆ ಒಂದೇ ಪ್ರಶ್ನೆ ಕೇಳು: ಇಲ್ಲಿ ಏನು ಕಾಯುತ್ತಿದೆ? ಅರ್ಧ ಮುಗಿದ ಸರಕು ಮುಂದಿನ ಯಂತ್ರಕ್ಕೆ ಕಾಯುತ್ತಿರುತ್ತದೆ. ಗಿರಾಕಿ ಉತ್ತರಕ್ಕೆ ಕಾಯುತ್ತಿರುತ್ತಾನೆ, ಕೆಲಸಗಾರ ನಿನ್ನ ಒಪ್ಪಿಗೆಗೆ. ನಿನ್ನ ಹಣ ಬೇರೆಯವರ ಜೇಬಿನಲ್ಲಿ ಕೂತಿರುತ್ತದೆ. ವ್ಯವಹಾರ ಸೊರಗುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ.

ಮೊದಲು ಕೆಲಸ ನಡೆಯುವ ಜಾಗಕ್ಕೆ ಹೋಗು. ಚೀಲ ತಯಾರಿಸುವ ಘಟಕ ಎಂದಿಟ್ಟುಕೊ. ಕತ್ತರಿಸುವವರು ಗಂಟೆಗೆ 10, ಹೊಲಿಯುವವರು 6, ಕಟ್ಟಿ ಕಳಿಸುವವರು 12 ಚೀಲ ಮುಗಿಸುತ್ತಾರೆ. ಇಡೀ ಘಟಕದಿಂದ ಗಂಟೆಗೆ ಹೊರಬೀಳುವುದು 6 ಮಾತ್ರ. ಕತ್ತರಿಸುವ ಕಡೆ ಇನ್ನೊಬ್ಬರನ್ನು ಹಾಕಿದರೆ ಹೊಲಿಗೆಯ ಮುಂದೆ ರಾಶಿ ದೊಡ್ಡದಾಗುತ್ತದೆ, ಅಷ್ಟೆ. ಯಾವ ಹಂತ ಬಿಗಿಯಾಗಿದೆ ಎಂದು ಪತ್ತೆ ಮಾಡುವುದು ಸುಲಭ: ಯಾವ ಹಂತಕ್ಕೆ ಹೋಗಬೇಕಾದ ಸರಕು ರಾಶಿ ಬಿದ್ದಿದೆಯೋ, ಅದರ ನಂತರದ ಹಂತದವರು ಕೈಕಟ್ಟಿ ಕೂತಿದ್ದಾರೋ, ಅದೇ.

ಸಿಕ್ಕ ಕೂಡಲೇ ಹೊಸ ಯಂತ್ರ ಕೊಳ್ಳಲು ಓಡಬೇಡ. ಮೊದಲು ಇರುವುದನ್ನೇ ಪೂರ್ತಿ ಬಳಸು. ಊಟದ ವೇಳೆಯಲ್ಲಿ ಆ ಹಂತ ನಿಲ್ಲದಂತೆ ಸರದಿ ಹಾಕು. ತಪ್ಪಾಗಿ ಕತ್ತರಿಸಿದ ತುಂಡು ಅಲ್ಲಿಗೆ ಹೋಗದಂತೆ ತಪಾಸಣೆಯನ್ನು ಹೊಲಿಗೆಗೆ ಮುಂಚೆಯೇ ಇಡು, ಏಕೆಂದರೆ ಅಲ್ಲಿ ಹಾಳಾದ ಒಂದು ಗಂಟೆ ಇಡೀ ಘಟಕದ ಒಂದು ಗಂಟೆ. ಹೊಲಿಯುವವರು ದಾರ ತರಲು, ಗುರುತು ಹಾಕಲು ಎದ್ದು ಹೋಗುತ್ತಿದ್ದರೆ ಆ ಕೆಲಸವನ್ನು ಬಿಡುವಿರುವ ಬೇರೆಯವರಿಗೆ ವಹಿಸು. ಇಷ್ಟಾದ ಮೇಲೂ ಸಾಲದಿದ್ದರೆ ಹಣ ಹಾಕು. ಹೊಲಿಗೆಯ ವೇಗ 11ಕ್ಕೆ ಏರಿತೋ, ಆಗ ಕತ್ತರಿಸುವ ಕಡೆ ಬಿಗಿಯಾಗುತ್ತದೆ. ಮತ್ತೆ ಅಲ್ಲಿಂದ ಶುರು.

ಇನ್ನೊಂದು ಲೆಕ್ಕ ಕೈಯಲ್ಲಿರಲಿ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಅವರು 1961ರಲ್ಲಿ ಗಣಿತದಿಂದ ಸಾಧಿಸಿದ ಸೂತ್ರ ಅದು: ಒಳಗಿರುವ ಸರಕಿನ ಸರಾಸರಿ ಸಂಖ್ಯೆಯನ್ನು ದಿನಕ್ಕೆ ಹೊರಹೋಗುವ ಸಂಖ್ಯೆಯಿಂದ ಭಾಗಿಸಿದರೆ, ಒಂದು ಸರಕು ಒಳಗೆ ಎಷ್ಟು ದಿನ ಇರುತ್ತದೆ ಎಂದು ಗೊತ್ತಾಗುತ್ತದೆ. ಒಳಗೆ ಅರ್ಧಂಬರ್ಧ 240 ಚೀಲ ಬಿದ್ದಿವೆ, ದಿನಕ್ಕೆ 48 ಮುಗಿಯುತ್ತವೆ ಅಂದರೆ ಒಂದೊಂದಕ್ಕೆ 5 ದಿನ. ಮಾರಾಟದವರು 3 ದಿನಕ್ಕೆ ಮಾತು ಕೊಟ್ಟರೆ ಅದು ಸುಳ್ಳಾಗುವುದು ಖಂಡಿತ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ಹೀಗೆಯೇ. ಯಾರ ಮೇಲೂ ರೇಗದೆ, ಒಳಗೆ ಬಿಡುವ ಕೆಲಸವನ್ನು ತಡೆಹಿಡಿದು, ಒಳಗಿರುವ ಚೀಲಗಳನ್ನು 96ಕ್ಕೆ ಇಳಿಸು. ಅದೇ ಜನ, ಅದೇ ಯಂತ್ರ, 2 ದಿನದಲ್ಲಿ ಸರಕು ಹೊರಗೆ.

ಹೊಲಿಗೆಯಂಥ ಬಿಗಿ ಹಂತಕ್ಕೆ ಬಿಡುವು ಕೊಡಬಾರದು. ನಿನ್ನ ಮೇಜಿಗೆ ಮಾತ್ರ ಈ ಮಾತು ಸಲ್ಲದು. ಕೆಲಸ ಯಾವಾಗ ಬರುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳಲಾಗದ ಜಾಗದಲ್ಲಿ ಸರದಿಯ ಲೆಕ್ಕ ಬೇರೆ. ಒಬ್ಬರ ಹೊತ್ತು ನೂರಕ್ಕೆ 80ರಷ್ಟು ತುಂಬಿದ್ದರೆ, ಬಂದ ಕೆಲಸ ತನಗೆ ಹಿಡಿಯುವ ಸಮಯದ ಸುಮಾರು 4 ಪಟ್ಟು ಕಾಯುತ್ತದೆ. 90 ತುಂಬಿದರೆ 9 ಪಟ್ಟು, 95 ತುಂಬಿದರೆ 19 ಪಟ್ಟು. ‘ನನಗೆ ಉಸಿರಾಡಲೂ ಪುರುಸೊತ್ತಿಲ್ಲ’ ಎನ್ನುವ ಮುಖ್ಯಸ್ಥರ ಕೈಕೆಳಗೆ ಹದಿನಾಲ್ಕು ಜನ ಸುಮ್ಮನೆ ಕಾಯುತ್ತಿರುತ್ತಾರೆ. ಅದನ್ನು ದುಡಿಮೆ ಎಂದು ಹೆಮ್ಮೆಪಡಬೇಡ. ದಿನದಲ್ಲಿ ಎರಡು ಗಂಟೆಯಾದರೂ ಯಾವುದಕ್ಕೂ ಕಟ್ಟಿಹಾಕದೆ ಖಾಲಿ ಇಟ್ಟುಕೊ.

ಆ ಹೊತ್ತು ಹೇಗೆ ಹುಟ್ಟುತ್ತದೆ ಎಂದು ಕೇಳುತ್ತೀಯ. ಒಂದು ವಾರ, ಜನ ನಿನ್ನ ಹತ್ತಿರ ಕೇಳಲು ಬಂದ ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊ. ಶನಿವಾರ ಕೂತು ನೋಡು. ಮೂರು ಸಲಕ್ಕಿಂತ ಹೆಚ್ಚು ಬಂದ ಪ್ರಶ್ನೆಗೆ ಒಂದು ನಿಯಮ ಬರೆದು ಗೋಡೆಗೆ ಹಚ್ಚು: ‘ದೋಷವಿರುವ ಸರಕು 7 ದಿನದೊಳಗೆ ವಾಪಸ್ ಬಂದರೆ ಕೇಳದೆ ಬದಲಿಸಿಕೊಡಿ’ ಎಂಬಂತೆ. ಉಳಿದ ಕೆಲಸ ಒಬ್ಬರಿಗೆ ವಹಿಸುವಾಗ ನಾಲ್ಕು ವಿಷಯ ಬಾಯಿಬಿಟ್ಟು ಹೇಳು: ಕೊನೆಗೆ ಏನು ಆಗಿರಬೇಕು, ಯಾವ ದಿನಕ್ಕೆ, ಎಷ್ಟರವರೆಗೆ ನನ್ನನ್ನು ಕೇಳದೆ ಖರ್ಚು ಅಥವಾ ತೀರ್ಮಾನ ಮಾಡಬಹುದು, ಮಧ್ಯೆ ಯಾವಾಗ ಒಮ್ಮೆ ನೋಡೋಣ. ಮೂರನೆಯದನ್ನು ಹೇಳುವುದನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೇ ಕೊಟ್ಟ ಕೆಲಸ ಮರುದಿನವೇ ನಿನ್ನ ಮೇಜಿಗೆ ಮರಳಿ ಬರುತ್ತದೆ.

ತಪ್ಪಾದಾಗ ಅದೇ ದಿನ ಅಥವಾ ಮರುದಿನ ಮಾತಾಡು, ಒಬ್ಬರನ್ನೇ ಕೂರಿಸಿಕೊಂಡು. ‘ನೀವು ಬೇಜವಾಬ್ದಾರಿ’ ಎಂದರೆ ಮನಸ್ಸು ಮುರಿಯುತ್ತದೆ. ‘ಮಂಗಳವಾರದ ಸರಕಿಗೆ ಚೀಟಿ ಹಚ್ಚದೆ ಹೋಯಿತು, ಗಿರಾಕಿ ಎರಡು ದಿನ ಹುಡುಕಿದರು, ಏನಾಯಿತು?’ ಎಂದು ಕೇಳಿದರೆ ಕಾರಣ ಹೊರಬರುತ್ತದೆ. ಚೀಟಿ ಮುದ್ರಿಸುವ ಯಂತ್ರ ಕೆಟ್ಟಿದ್ದಿರಬಹುದು, ಹೇಳಿದರೆ ಬೈಗುಳ ಎಂಬ ಭಯವೂ ಇರಬಹುದು. ಕೆಟ್ಟ ಸುದ್ದಿ ತಂದವರಿಗೆ ಮೊದಲು ಧನ್ಯವಾದ ಹೇಳು. ಇದು ಬರೀ ಸೌಜನ್ಯ ಅಲ್ಲ. ಸುದ್ದಿ ತಡವಾದಷ್ಟೂ ಸರಿಪಡಿಸುವ ಖರ್ಚು ಬೆಳೆಯುತ್ತದೆ.

ಈಗ ಮಾರುಕಟ್ಟೆ. ಜಾಹೀರಾತಿಗೆ ಹಣ ಹಾಕುವ ಮುಂಚೆ ಕೊನೆಯಲ್ಲಿ ಕೊಂಡ ಹತ್ತು ಗಿರಾಕಿಗಳ ಜೊತೆ ಮಾತಾಡು. ಯಾವ ತೊಂದರೆ ಬಂದಾಗ ಹುಡುಕಲು ಶುರು ಮಾಡಿದಿರಿ, ನಮ್ಮ ಬದಲು ಇನ್ನಾವುದನ್ನು ನೋಡಿದಿರಿ, ಕೊಳ್ಳುವ ಮುಂಚೆ ಯಾವುದಕ್ಕೆ ಹಿಂಜರಿದಿರಿ, ಈ ಮೂರೇ ಸಾಕು. ಅವರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆದಿಡು. ನಿನ್ನ ಜಾಹೀರಾತಿನ ಸಾಲುಗಳು ಅಲ್ಲೇ ಸಿಗುತ್ತವೆ. ಆಮೇಲೆ ಎಣಿಸು: 100 ಜನ ವಿಚಾರಿಸಿದರು, 80 ಜನಕ್ಕೆ ಉತ್ತರ ಹೋಯಿತು, 40 ಜನ ದರಪಟ್ಟಿ ಕೇಳಿದರು, 10 ಜನ ಕೊಂಡರು. ಕೇಳಿ ಬಂದ 20 ಜನಕ್ಕೆ ಉತ್ತರವೇ ಹೋಗಿಲ್ಲ ಎನ್ನುವಾಗ ಜಾಹೀರಾತು ಹೆಚ್ಚಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ರಿಯಾಯಿತಿಯ ವಿಷಯದಲ್ಲಿ ನನಗೆ ನಿಜವಾಗಿಯೂ ಆತಂಕ. ವ್ಯಾಪಾರ ಮಂದವಾದಾಗ ಮೊದಲು ಕೈ ಹೋಗುವುದು ಅಲ್ಲಿಗೇ. 100ಕ್ಕೆ ಮಾರುವ ಸರಕಿನ ನೇರ ಖರ್ಚು 70 ಆದರೆ ಉಳಿಯುವುದು 30. ನೂರಕ್ಕೆ 10 ರಿಯಾಯಿತಿ ಕೊಟ್ಟೆಯೋ, ಉಳಿಯುವುದು 20. ಮೊದಲಿನಷ್ಟೇ ಗಳಿಸಲು ಒಂದೂವರೆ ಪಟ್ಟು ಮಾರಬೇಕು. 20 ಕೊಟ್ಟರೆ ಮೂರು ಪಟ್ಟು. ಗಂಟೆಗೆ 6 ಚೀಲ ಹೊಲಿಯುವ ಘಟಕದಿಂದ ಅಷ್ಟು ಹೊರಬರುತ್ತದೆಯೇ, ಲೆಕ್ಕ ಹಾಕದೆ ಹೂಂ ಅನ್ನಬೇಡ.

ಕೊನೆಗೆ ಹಣ. ಲಾಭವಿದ್ದೂ ಸಂಬಳಕ್ಕೆ ಹಣವಿಲ್ಲದೆ ಮುಚ್ಚುವ ವ್ಯವಹಾರಗಳು ಇರುತ್ತವೆ, ಇದು ಹೊಸಬರಿಗೆ ನಂಬಲು ಕಷ್ಟ. ದಾಸ್ತಾನು 40 ದಿನ ಕೂರುತ್ತದೆ, ಉದ್ರಿ 45 ದಿನಕ್ಕೆ ವಸೂಲಾಗುತ್ತದೆ, ನೀನು ಕಚ್ಚಾ ಮಾಲಿನವರಿಗೆ 30 ದಿನಕ್ಕೆ ಕೊಡುತ್ತೀಯ. 40ಕ್ಕೆ 45 ಕೂಡಿಸಿ 30 ಕಳೆ, 55 ದಿನ ನಿನ್ನ ಹಣ ಹೊರಗಿರುತ್ತದೆ. ದಿನಕ್ಕೆ 1,000 ಹಾಕುವ ವ್ಯವಹಾರಕ್ಕೆ 55,000 ಕಟ್ಟಿಕೊಂಡಂತೆ. ವ್ಯಾಪಾರ ದುಪ್ಪಟ್ಟಾದರೆ ಅದು 1,10,000. ಬೆಳೆಯುವಾಗಲೇ ಕೈ ಖಾಲಿಯಾಗುವುದು ಇದಕ್ಕೇ. ಸರಕು ಹೋದ ದಿನವೇ ಬಿಲ್ಲು ಹೋಗಲಿ. ಗಡುವಿಗೆ ಐದು ದಿನ ಮುಂಚೆ ಫೋನ್ ಮಾಡಿ ಬಿಲ್ಲು ಸರಿಯಿದೆಯೇ ಎಂದು ವಿಚಾರಿಸು. ತಡವಾಗುವ ಎಷ್ಟೋ ಬಾಕಿ ಬಿಲ್ಲಿನ ಒಂದು ಸಣ್ಣ ತಪ್ಪಿಗೆ ಸಿಕ್ಕಿಕೊಂಡಿರುತ್ತದೆ.

ಈ ವಾರ ಒಂದು ಹಾಳೆಯಲ್ಲಿ 13 ಕಂಬಸಾಲು ಎಳೆ, ವಾರಕ್ಕೊಂದು. ಮೇಲೆ ಕೈಯಲ್ಲಿರುವ ಹಣ, ಅದರ ಕೆಳಗೆ ಆ ವಾರ ನಿಜವಾಗಿ ಕೈಸೇರುವ ಹಣ, ಆಮೇಲೆ ಸಂಬಳ, ಬಾಡಿಗೆ, ತೆರಿಗೆ, ಕಂತು, ಕಚ್ಚಾ ಮಾಲು, ಕೊನೆಯ ಸಾಲಿನಲ್ಲಿ ಈ ಖರ್ಚೆಲ್ಲ ಕಳೆದು ಉಳಿಯುವ ಹಣ. ಗಿರಾಕಿ ಕೊಡುತ್ತೇನೆ ಎಂದ ದಿನವನ್ನು ಹಾಕಬೇಡ, ಹಿಂದೆ ಅವರು ಕೊಟ್ಟ ಅಭ್ಯಾಸ ನೋಡಿ ಹಾಕು. ಯಾವ ವಾರದಲ್ಲಿ ಕೊನೆಯ ಸಾಲು ಸೊನ್ನೆಗಿಂತ ಕೆಳಗಿಳಿಯುತ್ತದೋ ಅದಕ್ಕೆ ಕೆಂಪು ಗುರುತು ಹಾಕಿ ನನಗೆ ಕಳಿಸು. ಇಬ್ಬರೂ ಕೂತು ನೋಡೋಣ.

ಇತಿ ನಿನ್ನ ಪ್ರೀತಿಯ,
ದೊಡ್ಡಪ್ಪ